ಒತ್ತದೆ ಬಿಟ್ಟ ಹೊತ್ತು

ಹೊಳೆನರಸೀಪುರದಲ್ಲಿ ಅಣ್ಣನ ಸ್ಟುಡಿಯೋ ಗೋಡೆಯ ಮೇಲೆ ಒಂದೇ ಅಳತೆಯ ಪಟಗಳ ಸಾಲಿದೆ. ಕೊನೆಯ ಚೌಕಟ್ಟಿನಲ್ಲಿ ಬರಿಯ ಕಪ್ಪು ಕಾಗದ. ಗಿರಾಕಿಗಳು ಕೇಳಿದರೆ ಅಣ್ಣ, "ಅಷ್ಟೊತ್ಗೆ ಒತ್ತು ಮುಳುಗೋಗಿತ್ತು ಸಾ," ಎನ್ನುತ್ತಾನೆ. ಸುಳ್ಳು. ಹೊತ್ತು ಇನ್ನೂ ಇತ್ತು — ಒತ್ತದೆ ಬಿಟ್ಟವಳು ನಾನು.

ಅವ್ವ ಹೇಮಾವತಿಗಿಂತ ದೊಡ್ಡ ನೀರು ಕಂಡವಳಲ್ಲ. ಕಡಲಿಗೆ ಸೂರ್ಯ ಇಳಿಯುವುದನ್ನು, ಕ್ಯಾಮೆರಾ ಕದಲಿಸದೆ, ಸ್ವಲ್ಪ ಸ್ವಲ್ಪ ಹೊತ್ತಿಗೊಂದು ಪಟ ತೆಗೆದು ಅವಳಿಗೆ ಸಾಲಾಗಿ ತೋರಿಸಬೇಕೆಂಬುದು ಅಣ್ಣನ ಆಸೆ. ಮಳೆಗಾಲ ಮುಗಿದು ಆಕಾಶ ತಿಳಿಯಾಗುವವರೆಗೆ ಕಾದು, ಸ್ಟುಡಿಯೋಗೆ ಬೀಗ ಹಾಕಿ, ನನ್ನನ್ನೂ ಮಂಗಳೂರಿಗೆ ಕರೆದುಕೊಂಡು ಹೋದ. ನಾನಾಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ — ಮಾತಿನಲ್ಲಿ ಎಲ್ಲಿಯೂ ಹಕಾರ ಬಿಟ್ಟುಹೋಗದಂತೆ ಎಚ್ಚರವಾಗಿರುತ್ತಿದ್ದೆ.

ಮೋಡದ ಚೂರೂ ಇಲ್ಲದ ಸಂಜೆ. ಒಂದೇ ಪಟ ಉಳಿದಿತ್ತು, ಸೂರ್ಯ ನೀರು ಮುಟ್ಟುವ ಪಟ. ದೋಣಿಯೊಂದು ಅಡ್ಡ ಬಂತು. ಗುಂಡಿ ಒತ್ತುವುದನ್ನು ನನಗೆ ವಹಿಸಿ, ಅಣ್ಣ ಪಂಚೆ ಎತ್ತಿಕಟ್ಟಿ ದೋಣಿ ಸರಿಸಲು ಓಡಿದ. ಸರಿಯಿತು. ನೀರಿನಿಂದಲೇ ಕೂಗಿದ: "ಒತ್ತು ಮುಳುಗ್ತಾ ಐತೆ! ಒತ್ತವ್ವಾ, ಒತ್ತು!"

ಆ ಊರಿನ ನನ್ನ ಕಾಲೇಜು ಗೆಳತಿ ಸುಮತಿ, ಬರುತ್ತೇನೆಂದಿದ್ದವಳು, ಆಗಲೇ ಬಂದು ನಕ್ಕಳು. "ಎಂತ ಮಾರಾಯ್ತಿ, ಒತ್ತು ಒತ್ತು ಅಂತ ಬೊಬ್ಬೆ! ಯಾರದು?"

"ನಮ್ಮೂರಿನ ಸ್ಟುಡಿಯೋದವರು."

ಹಾಗೆಂದ ಮೇಲೆ — ಬೆರಳು ಕದಲಲಿಲ್ಲ. ಒತ್ತಿದರೆ ಆ ಮಾತು ನನ್ನದೂ ಎಂದು ಒಪ್ಪಿಕೊಂಡಂತೆ... ಸೂರ್ಯ ಮುಳುಗಿದ.

ಅಣ್ಣ ಒದ್ದೆಯಾಗಿ ಬಂದ. "ಯಾಕವ್ವ, ಒತ್ನಿಲ್ವಾ?"

"ಸೂರ್ಯನನ್ನು ತೋರಿಸುತ್ತಿದ್ದೀರೋ, ಒತ್ತಲು ಹೇಳುತ್ತಿದ್ದೀರೋ, ತಿಳಿಯಲಿಲ್ಲ," ಎಂದೆ.

ಹುಟ್ಟಿದಾಗಿನಿಂದ 'ನೀನು' ಎಂದವಳ ಬಾಯಲ್ಲಿ ಬಹುವಚನ. ಅವನು ನನ್ನನ್ನು ನೋಡಿದ, ಸುಮತಿಯನ್ನು ನೋಡಿದ. "ನನ್ ನಾಲ್ಗೇದೇ ತಪ್ಪು, ಬುಡಿ," ಎಂದ. ಬುಡವ್ವ ಅನ್ನಲಿಲ್ಲ — ಬುಡಿ.

ಅವ್ವ ಆ ಕಪ್ಪು ಕಾಗದದ ಮುಂದೆಯೂ ನಿಂತು, ಕಣ್ಣು ಕಿರಿದು ಮಾಡಿ ಸೂರ್ಯನನ್ನು ಹುಡುಕಿದಳು. ಕಡಲ ದಡದಲ್ಲಿ ನಡೆದದ್ದನ್ನು ಅಣ್ಣ ಯಾರಿಗೂ ಹೇಳಲಿಲ್ಲ. ನನ್ನೊಬ್ಬಳೊಡನೆ ಮಾತ್ರ ಇಂದಿಗೂ ಹಕಾರ ಹಾಕಿ ಮಾತಾಡುತ್ತಾನೆ.

ಅದು ಶುರುವಾದದ್ದು ಮರುದಿನ ಬೆಳಿಗ್ಗೆ, ಬಸ್ ನಿಲ್ದಾಣದಲ್ಲಿ. ಸುಮತಿ ಇರಲಿಲ್ಲ, ಗುರುತಿನವರು ಯಾರೂ ಇರಲಿಲ್ಲ. "ಹ... ಹತ್ತು," ಎಂದ ಅಣ್ಣ, ಭಾರ ಎತ್ತುವವನಂತೆ. ನಾನು ಹತ್ತಿದೆ. ಕಿಟಕಿಯ ಬಳಿ ಕುಳಿತು, ಪಕ್ಕದಲ್ಲಿ ಅವನು ಕೂರಬೇಕಾಗಿದ್ದ ಜಾಗದಲ್ಲಿ ನನ್ನ ಚೀಲ ಇಟ್ಟೆ; ಅವನು ಬಂದಾಗಲೂ ತೆಗೆಯಲಿಲ್ಲ.