ವಿಜ್ಞಾನಿ ಹೇಳದ ಮಾತು

ದಸ್ತಗೀರ್ ಭಾಯಿ, ‘ನಿಮ್ಮ ಮಾತಿನಲ್ಲಿ ತಥ್ಯವಿದೆ’ ಎಂದು ಆ ವಿಜ್ಞಾನಿ ಹೇಳಲೇ ಇಲ್ಲ. ಅದು ನಾನು ಕಟ್ಟಿ ಹೇಳಿದ ಮಾತು. ಇಷ್ಟು ವರ್ಷ ನೀವು ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿರಿ, ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ.

ಮುಂಬೈಯ ಸಾಂತಾಕ್ರೂಜಿನ ನಮ್ಮ ಕನ್ನಡ ಸಂಘದಲ್ಲಿ ಆ ಭಾನುವಾರ ಖಗೋಳದ ಮೇಲೆ ಉಪನ್ಯಾಸ. ಚೆನ್ನೈಯಿಂದ ಬಂದಿದ್ದ ಆ ಮಹಿಳಾ ವಿಜ್ಞಾನಿಗೆ ಕನ್ನಡವೂ ಬಾರದು, ಹಿಂದಿಯೂ ಬಾರದು. ಶಾಲೆಯಲ್ಲಿ ವಿಜ್ಞಾನ ಕಲಿಸಿದವನೆಂದು ಅನುವಾದ ನನ್ನ ತಲೆಯ ಮೇಲೆ ಬಿತ್ತು. ನೀವು ಬೈಕುಲ್ಲಾದ ಮೋಟರ್ ರಿಪೇರಿ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದಿರಿ. ಭಾಷಣ ಮುಗಿದು ಎಲ್ಲರೂ ಉಪ್ಪಿಟ್ಟಿನ ಕಡೆ ಹೋದಾಗ ನೀವು ಮಾತ್ರ ಆಕೆಯ ಎದುರು ಬಂದು ನಿಂತಿರಿ.

“ಮಾಸ್ತರ, ಮೇಡಮ್ಮಾರಿಗೆ ಕೇಳ್ರಿ. ಮೋಟರ್ ತಿರಗಸೂದು ಕರೆಂಟು. ಹಂಗಾರ ಭೂಮಿ, ಚಂದ್ರ ಎಲ್ಲಾ ಕರೆಂಟಿನಿಂದನ ಯಾಕ ತಿರಗತಿರಬಾರ್ದು? ಸೂರ್ಯಗೂ ಹೊರಗಿಂದನ ಲೈನ್ ಬಂದಿರಬೇಕಲ್ರೀ?”

ಫೋನಿನಲ್ಲಿ ಹಿಂದಿ ವಿಡಿಯೋಗಳನ್ನು ನೋಡಿ ನೋಡಿ ನೀವು ಅದನ್ನು ನಂಬಿದ್ದಿರಿ — ಗುರುತ್ವಾಕರ್ಷಣೆ ಬರೀ ನೆಪ, ಬ್ರಹ್ಮಾಂಡವನ್ನು ನಡೆಸುವುದು ವಿದ್ಯುತ್ತು ಎಂದು. ನನಗೆ ನಾಚಿಕೆಯಾಯಿತು. ನಿಮ್ಮ ಬಗ್ಗೆ, ಭಾಯಿ — ಬೇರೆ ಯಾರ ಬಗ್ಗೆಯೂ ಅಲ್ಲ. ನಮ್ಮ ಜನ ಇಷ್ಟೇನಾ ಎಂದು ಆಕೆ ಅಂದುಕೊಂಡರೆ ಎಂಬ ಭಯ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ನುಂಗಿಹಾಕಿ, ಧ್ರುವಪ್ರದೇಶದ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಿಗೆ ಸೂರ್ಯನಿಂದ ಬರುವ ವಿದ್ಯುತ್ ಕಣಗಳು ಕಾರಣವೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ‘ಎಲೆಕ್ಟ್ರಿಕ್’, ‘ಸನ್’ ಎಂಬ ಎರಡು ಪದ ನಿಮ್ಮ ಕಿವಿಗೆ ಬೀಳುವಂತೆ ಒತ್ತಿ ಹೇಳಿದೆ — ಅಷ್ಟು ಕಿಲಾಡಿತನ ನನಗೆ ಆ ಗಳಿಗೆಯಲ್ಲಿ ಎಲ್ಲಿಂದ ಬಂತೋ. ಆಕೆ ನಗುತ್ತ ತಲೆಯಾಡಿಸಿದರು. ನಿಮ್ಮ ಮುಖ ಅರಳಿತು. ಆಗ ನಾನು ‘ತಥ್ಯವಿದೆಯಂತೆ’ ಎಂಬ ಆ ಮಾತು ಹೇಳಿದೆ.

ನಿಮ್ಮದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರವೂ ಇತ್ತು — ಗ್ರಹಗಳಲ್ಲಿ ಧನ, ಋಣ ವಿದ್ಯುತ್ತು ಸರಿಸುಮಾರು ಸಮವಾಗಿದ್ದು ಒಂದರ ಬಲವನ್ನು ಇನ್ನೊಂದು ಅಳಿಸಿಬಿಡುತ್ತದೆ, ತೂಕದ ಸೆಳೆತವನ್ನು ಹಾಗೆ ಅಳಿಸುವುದು ಯಾವುದೂ ಇಲ್ಲ. ಹೈಸ್ಕೂಲಿನ ಮಕ್ಕಳಿಗೆ ಹೇಳಿಕೊಟ್ಟ ಪಾಠ. ನೀವು ಒಪ್ಪುತ್ತಿದ್ದಿರೋ, ಆಕೆಯ ಜೊತೆ ವಾದಕ್ಕೇ ಇಳಿಯುತ್ತಿದ್ದಿರೋ — ಆ ಅವಕಾಶವನ್ನೇ ನಾನು ಕಿತ್ತುಕೊಂಡೆ.

ಇಲ್ಲಿಗೇ ಮುಗಿದಿದ್ದರೆ ಬಹುಶಃ ಈಗಲೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಹೋದ ತಿಂಗಳು ನಿಮ್ಮ ಮೊಮ್ಮಗಳು ರುಖಿಯಾ ಫೋನ್ ಮಾಡಿದ್ದಳು. ಅಂಧೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಹುಡುಗಿ. ಯಾವ ವಿಜ್ಞಾನಿಯೂ ಹಾಗೆ ಹೇಳುವುದಿಲ್ಲ, ನಿಮ್ಮ ಮಾಸ್ತರರೇ ಸುಳ್ಳು ಹೇಳಿರಬೇಕು ಎಂದು ನಿಮ್ಮೆದುರು ಅಂದಳಂತೆ. ನನ್ನನ್ನು ಅಂದದ್ದಕ್ಕೆ ನೀವು ಅವಳ ಜೊತೆ ಮಾತು ಬಿಟ್ಟಿರಂತೆ.

“ಸರ್, ದಾದಾ ಮೇರೆ ಸಾಥ್ ಮಾತೇ ಆಡ್ತಿಲ್ಲ,” ಅಂದಳು. “ಆ ಮೇಡಂ ಸಚ್ ಮೇ ಹಾಗೆ ಹೇಳಿದ್ರಾ?”

ನಾನು ಹೇಳಬಹುದಿತ್ತು. ಒಂದೇ ಮಾತು —

“ಹೌದಮ್ಮ, ಹೇಳಿದ್ರು,” ಅಂದೆ.

ಅವಳು “ಸಾರಿ ಸರ್” ಎಂದು ಫೋನ್ ಇಟ್ಟಳು. ಮರುದಿನ ನೀವೇ ಫೋನ್ ಮಾಡಿದಿರಿ. “ಹುಡುಗಿ ತಪ್ಪ ಒಪ್ಪಕೊಂಡಳ್ರೀ ಮಾಸ್ತರ. ಈಗ ಮನ್ಯಾಗ ಓದಿನ ಸುದ್ದಿನ ತಗಿಯೂದಿಲ್ಲ, ಶಾಣ್ಯಾ ಆಗ್ಯಾಳ.” ನಿಮ್ಮ ದನಿಯಲ್ಲಿ ಎಂಥ ಖುಷಿಯಿತ್ತು.

ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ರುಖಿಯಾಳನ್ನೂ ಕೂರಿಸಿಕೊಳ್ಳಿ. ನೀವು ಬೈಯುವುದೆಲ್ಲ ಆಮೇಲೆ ಬೈಯಿರಿ, ಬಾಗಿಲು ತೋರಿಸಿದರೆ ಎದ್ದು ಹೋಗುತ್ತೇನೆ. ಆದರೆ ಮೊದಲು ಅವಳ ಕ್ಷಮೆ ಕೇಳಬೇಕು, ನಿಮ್ಮ ಕಣ್ಣೆದುರಿಗೇ. ನನ್ನ ಮಾನ ಕಾಯಲು ನೀವು ಮೊಮ್ಮಗಳನ್ನು ದೂರ ಮಾಡಿದಿರಿ, ಭಾಯಿ. ಅವಳು ಅಂದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.