ಮುಷ್ಟಿಯೊಳಗಿನ ಹೆಬ್ಬೆರಳು

ಬಳೆಯವಳ ನಿಯಮ ಒಂದೇ ಇತ್ತು. ಆಸ್ಪತ್ರೆಯ ಕಾಗದವನ್ನು ಇಬ್ಬರು ಬೇರೆ ಬೇರೆಯಾಗಿ, ಗಟ್ಟಿಯಾಗಿ ಓದಿ ಹೇಳುವವರೆಗೆ ಹೆಂಗಸು ತನ್ನ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡಿರಬೇಕು. ಯಾರೇ ಗದರಲಿ, ಯಾರೇ ಪುಸಲಾಯಿಸಲಿ, ಬಿಚ್ಚಬಾರದು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಬಳೆಯವಳು ಮಾನ್ವಿ, ದೇವದುರ್ಗದ ಹಳ್ಳಿಗಳನ್ನೆಲ್ಲ ಬುಟ್ಟಿ ಹೊತ್ತು ತಿರುಗುವವಳು, ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ. ಬಳೆ ಇಡಿಸಲು ಕೈ ಹಿಡಿದು ಕೂತಳೆಂದರೆ ಹೆಂಗಸರು ಗಂಡನಿಗೂ ಹೇಳದ್ದನ್ನು ಅವಳಿಗೆ ಹೇಳುತ್ತಿದ್ದರು. ಬೇಡದ ಬಸಿರಿಗೆ ಕಂಡಕಂಡ ಮದ್ದು ಮಾಡಿಸಿಕೊಂಡು ಸತ್ತವರನ್ನು ಅವಳು ನೋಡಿದ್ದಳು. ತೆಗೆಸಿಕೊಳ್ಳಲು ಕಾನೂನು ಬಂದು ವರ್ಷಗಳಾದವು, ಗಂಡನ ಸಹಿಯೂ ಬೇಕಿಲ್ಲ ಎಂದು ನಾನು ಓದಿ ಹೇಳಿದೆ. ಅವಳು ಆ ಮಾತನ್ನು ಅಡುಗೆಮನೆಯಿಂದ ಅಡುಗೆಮನೆಗೆ ಮುಟ್ಟಿಸಿದಳು. ಯಾರಾದರೂ ಹೊರಟರೆ ರಾಯಚೂರಿನ ಆಸ್ಪತ್ರೆಯವರೆಗೆ ಜೊತೆಗೆ ಹೋಗುತ್ತಿದ್ದೆವು. ಕಾಗದವನ್ನು ಮೊದಲು ಓದುವುದು ನಾನು, ಆಮೇಲೆ ಕವಿತಾಳದ ಹೊಲಿಗೆ ಟೀಚರ್.

ಅಲ್ಲಿ ನನಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಆಸ್ಪತ್ರೆಯ ಹೆಸರು ಬೇಡ ಬಿಡಿ. ನರ್ಸು ನಕ್ಕರೂ ಸಂಶಯ, ನಗದಿದ್ದರೂ ಸಂಶಯ. 'ಮಕ್ಕಳೆಷ್ಟು?' ಎಂದು ಗುಮಾಸ್ತ ಕೇಳಿದನೆಂದರೆ ಇವನಿಗೆ ಸಂತಾನ ತಡೆಯುವ ಆಪರೇಷನ್ನಿಗೆ ಒಂದು ಕೇಸು ಬೇಕಾಗಿದೆ ಅಂತಲೇ ನನ್ನ ಲೆಕ್ಕ. ಬಸಿರು ತೆಗೆಸಲು ಹೋದವಳಿಗೆ ಹೇಳದೆ ಕೇಳದೆ ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ನನ್ನೂ ಮಾಡಿ ಕಳಿಸುತ್ತಾರೆ ಎಂಬ ಸುದ್ದಿ ಎಲ್ಲ ಕಡೆ ಇತ್ತು. ಅಂಥದ್ದು ನಡೆಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತುರ್ತು ಪರಿಸ್ಥಿತಿಯಲ್ಲಿ ನಾನು ಮಲ್ಲಟದ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಟೀಚರುಗಳೂ ಕೇಸು ತರಬೇಕು, ಇಲ್ಲದಿದ್ದರೆ ದೂರದೂರಿಗೆ ವರ್ಗ ಎಂದು ಮೇಲಿನವರು ಹೆದರಿಸಿದ್ದರು. ಒಂದೇ ಮಗುವಿನ ತಾಯಿಯೊಬ್ಬಳನ್ನು ಕಟ್ಟೆಯ ಮೇಲೆ ಕೂರಿಸಿ, 'ಬರೇ ತಪಾಸಣೆ ಕಾಗದ' ಎಂದು ಸುಳ್ಳು ಓದಿ, ಹೆಬ್ಬೆಟ್ಟು ಒತ್ತಿಸಿಕೊಂಡೆ. ನನ್ನ ವರ್ಗ ತಪ್ಪಿತು. ಥೂ, ಎಂಥ ಹೆಂಗಸು ನಾನು! ಮಾನ್ವಿಗೆ ಬಂದ ಮೇಲೆ ಅದನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದೇ ತಿಳಿದಿದ್ದೆ.

ಅವತ್ತು ಬಂದವಳು ದೇವದುರ್ಗದ ಕಡೆಯ ಕೂಲಿಯವಳು. ಕಂಕುಳಲ್ಲಿ ಏಳು ತಿಂಗಳ ಹೆಣ್ಣು ಕೂಸು, ಹೊಟ್ಟೆಯಲ್ಲಿ ಮತ್ತೊಂದು.

"ಇದೊಂದು ಬ್ಯಾಡ್ರೀ," ಅಂದಳು. "ಇಕಿ ಹಾಲು ಬಿಟ್ಟು ನಡಿಯಾಕ ಕಲಿಯಲಿ. ಆಮ್ಯಾಲ ನನಗ ಮತ್ತ ಮಕ್ಕಳು ಬೇಕು. ಎಲ್ಲಿ ಪೂರಾ ಬಂದ್ ಮಾಡಿಬಿಡ್ತಾರೋ ಅಂತ ಅಂಜಿಕಿ."

ಹನ್ನೆರಡು ವಾರ ತುಂಬಲು ಎರಡೇ ದಿನ ಉಳಿದಿತ್ತು. ಅದು ದಾಟಿದರೆ ಇಬ್ಬರು ಡಾಕ್ಟರು ಒಪ್ಪಬೇಕು, ಅಲ್ಲಿದ್ದವರು ಒಬ್ಬರೇ. ಅವರು ಒಂದು ಗಂಟೆಗೆ ಹೊರಟರೆ ಮತ್ತೆ ಬರುವುದು ಮುಂದಿನ ವಾರ. ಹನ್ನೆರಡು ಗಂಟೆಯಾದರೂ ಹೊಲಿಗೆ ಟೀಚರ್ ಬರಬೇಕಿದ್ದ ಕವಿತಾಳದ ಬಸ್ಸಿನ ಸುಳಿವಿಲ್ಲ.

"ಲಗೂನ ಒತ್ತಿಸ್ರೀ," ಎಂದು ಗುಮಾಸ್ತ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಮುಂದಕ್ಕೆ ತಳ್ಳಿದ.

ನಾನು ಓದಿದೆ. ಗರ್ಭ ತೆಗೆಯಲು ಒಪ್ಪಿಗೆ, ಅಷ್ಟೇ. "ಸರಿ ಅದ, ಒತ್ತವ್ವಾ" ಅಂದೆ. ಅವಳು ಮುಷ್ಟಿ ಬಿಚ್ಚದೆ ಬಳೆಯವಳ ಮುಖ ನೋಡಿದಳು.

"ಇನ್ನೊಬ್ರು ಓದಲಿ," ಅಂದಳು ಬಳೆಯವಳು.

"ಬಸ್ಸು ಎಲ್ಲೋ ಕೆಟ್ಟು ನಿಂತದ. ನಾನು ಓದೀನಲ್ಲ!"

"ಓದೀರಿ, ಖರೇ."

"ಹಂಗಾದ್ರ ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ವರ್ಷದಿಂದ ರಜೆ ಹಾಕಿ ಹಾಕಿ ಇವರ ಜೊತೆ ಅಲೆದದ್ದಕ್ಕೆ ಇದೇನಾ ಮರ್ಯಾದೆ? ಬಾಯಿ ತೆರೆಯುವಷ್ಟರಲ್ಲಿ ಅವಳೇ ಮೆಲ್ಲಗೆ ಅಂದಳು:

"ಆ ಕಟ್ಟಿ ಮ್ಯಾಲ ನಾನೂ ಇದ್ದೆ, ಟೀಚರ್ರೀ. ಆಕಿಗೆ ಬಳಿ ಇಡಿಸಾಕತ್ತಿದ್ದೆ. 'ಟೀಚರು ಓದ್ಯಾರ, ಒತ್ತು' ಅಂತ ಆಕಿ ಬೆರಳು ಹಿಡಿದು ಕಾಗದದ ಮ್ಯಾಲ ಇಟ್ಟಾಕಿ ನಾನು. ಅವತ್ತೇ ಕಲ್ತೆ, ಒಬ್ರು ಓದಿದ್ರ ಸಾಲಲ್ಲ ಅಂತ."

ಕಟ್ಟೆಯ ಮೇಲೆ ಬಳೆಯ ಬುಟ್ಟಿಯೊಂದು ಇದ್ದದ್ದು ನೆನಪಾಯಿತು. ಬುಟ್ಟಿಯವಳ ಮುಖವನ್ನು ನಾನು ಆಗ ನೋಡಿಯೇ ಇರಲಿಲ್ಲ.

"ಮತ್ತ ನನ್ನ ಯಾಕ ಕರ್ಕೊಂಡು ಬರ್ತಿ?"

"ಓದು ಬರೋರು, ನಮ್ಮ ಜೋಡಿ ಬರೋರು, ಎಷ್ಟು ಮಂದಿ ಸಿಗ್ತಾರ ಹೇಳ್ರಿ? ಈಗ ಹೋಗ್ರಿ, ಯಾರನ್ನರ ಕರ್ಕೊಂಡು ಬರ್ರಿ. ಟೈಮ್ ಇಲ್ಲ."

ಸಿಟ್ಟು, ನಾಚಿಕೆ ಎರಡೂ ಸೇರಿ ಕಣ್ಣು ಮಂಜಾಗಿತ್ತು. ರಸ್ತೆಗೆ ಓಡಿದೆ. ಹಿಟ್ಟಿನ ಗಿರಣಿಯ ಮುಂದೆ ಕನ್ನಡಕದ ಹೆಂಗಸೊಬ್ಬಳು ಜೋಳದ ಡಬ್ಬಿ ಇಟ್ಟುಕೊಂಡು ಹಳೆ ಪೇಪರಿನ ತುಂಡೊಂದನ್ನು ಓದುತ್ತ ಕೂತಿದ್ದಳು. ಓದು ಬರುತ್ತದೆ, ಅಷ್ಟು ಸಾಕು. ವಿಷಯ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿಯನ್ನು ಗಿರಣಿಯವನಿಗೆ ಒಪ್ಪಿಸಿ, ಎದ್ದು ಬಂದಳು.

ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಗೋಡೆಯ ಗಡಿಯಾರ ಹನ್ನೆರಡೂವರೆ ದಾಟಿತ್ತು. ನಾನು ಓದಿದ್ದಷ್ಟೂ ಓದಿ ಮುಗಿಸಿ, ಕಾಗದ ತಿರುವಿದಳು.

"ಹಿಂದನೂ ಅದ ನೋಡ್ರಿ. 'ಇದರೊಂದಿಗೆ ಮುಂದೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆಗೂ ನನ್ನ ಒಪ್ಪಿಗೆ ಇದೆ.'"

ನಾನು ಕಾಗದವನ್ನು ತಿರುವಿಯೇ ಇರಲಿಲ್ಲ. ದೇವರಾಣೆಗೂ ಈ ಸಲ ಸುಳ್ಳು ಓದಿರಲಿಲ್ಲ. ಆದರೆ ನನ್ನ ಮಾತು ಕೇಳಿ ಅವಳು ಒತ್ತಿದ್ದರೆ, ಸುಳ್ಳು ಓದಿದ್ದಕ್ಕೂ ಇದಕ್ಕೂ ಅವಳ ಪಾಲಿಗೆ ಏನು ವ್ಯತ್ಯಾಸ ಆಗುತ್ತಿತ್ತು?

"ಅದು ಎಲ್ಲಾರದಕ್ಕೂ ಇರೋದ, ಅಚ್ಚೇ ಹಂಗ ಅದ," ಎಂದು ಗುಮಾಸ್ತ ಗೊಣಗಿದ.

"ಗೀಟು ಹೊಡೀರಿ," ಅಂದಳು ಬಳೆಯವಳು. "ಹೊಡೆದು ಬಾಜೂಕ ಸಹಿ ಮಾಡ್ರಿ."

ಮೂರು ಜನ ಹೆಂಗಸರು ಸುತ್ತ ನಿಂತದ್ದು ನೋಡಿ ಅವನು ಹೊಡೆದ. ಕನ್ನಡಕದವಳು ಎರಡೂ ಬದಿ ಮತ್ತೊಮ್ಮೆ ಓದಿದಳು. ಆಮೇಲೆ ಮುಷ್ಟಿ ಬಿಚ್ಚಿತು. ಹೆಬ್ಬೆರಳು ಬೆವೆತು ಬೆಳ್ಳಗೆ ಸುಕ್ಕುಗಟ್ಟಿತ್ತು. ಒಂದಕ್ಕೆ ಹತ್ತು ನಿಮಿಷವಿದ್ದಾಗ ಅವಳು ಒಳಗೆ ಹೋದಳು.

ಹೊರಗಿನ ಬೆಂಚಿನ ಮೇಲೆ ಬಳೆಯವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳಿದೆ:

"ಆ ಕಟ್ಟಿ ಮ್ಯಾಲಿನಾಕಿ ಈಗ ಹೆಂಗದಾಳ?"

"ಇದ್ದೊಂದು ಕೂಸು ಮರುವರ್ಷನೇ ದಡಾರ ಬಂದು ಹೋತು. ಮತ್ತ ಎಲ್ಲಿಂದ ಆಗಬೇಕು?" ಅಂದಳು. "ಇಷ್ಟು ದಿನಕ್ಕ ಕೇಳಿದ್ರಲ್ಲ."

ಅಷ್ಟರಲ್ಲಿ ಕೂಸು ಅಳತೊಡಗಿತು. ಎತ್ತಿಕೊಳ್ಳಲು ನಾನು ಎರಡೂ ಕೈ ಚಾಚಿದೆ. ಅವಳು ಕೊಡಲಿಲ್ಲ.