ಬೈಗುಳದಲ್ಲಿ ಸಿಕ್ಕ ಬಾವಿ

ನಮ್ಮ ಥಾರ್ನ್‌ಬೆಕ್‌ನಲ್ಲಿ ಡೋರ್ಕಸ್ ಓಡಿಸಿದ ಬಸ್ಸು ಹತ್ತದವರಿಲ್ಲ. ಯಾರ್ಕ್‌ಷೈರಿನ ಗುಡ್ಡದ ತಿರುವುಗಳಲ್ಲಿ ಅವಳ ಕೈ ಸ್ಟೀರಿಂಗ್ ಮೇಲೆ, ಬಾಯಿ ಊರ ಸುದ್ದಿಯ ಮೇಲೆ. ನಿವೃತ್ತಿಯಾದ ಮೇಲೆ ಹೆಣಿಗೆ ಹಿಡಿದಳು, ಬೇಸರವಾಯಿತು. ಜೇನು ಸಾಕಿದಳು, ಕಚ್ಚಿಸಿಕೊಂಡಳು. ಕೊನೆಗೆ ಊರಿನ ಚರಿತ್ರೆ ಬರೆಯುತ್ತೇನೆಂದು ಹೊರಟಳು.

ಬರೆಯಲು ಏನಿದೆ? ರಾಜರು ಇತ್ತ ತಲೆಹಾಕಿದವರಲ್ಲ, ಯುದ್ಧವೂ ಬೇರೆ ದಾರಿ ಹಿಡಿದಿತ್ತು. ನಗರದ ಪತ್ರಾಗಾರದವರು, "ಹಳೇ ಚರ್ಚ್ ಕೋರ್ಟಿನ ಕಾಗದದ ಕಟ್ಟು ಬಿಚ್ಚಿ ನೋಡಿ, ಅಲ್ಲಿ ನಿಮ್ಮಂಥ ಜನ ಮಾತಾಡ್ತಾರೆ" ಎಂದರು. ಆ ಕಾಲದಲ್ಲಿ ಮದುವೆ, ಉಯಿಲು, ಬೈಗುಳ ಎಲ್ಲವೂ ಚರ್ಚಿನ ಕೋರ್ಟಿಗೇ ಹೋಗುತ್ತಿದ್ದವು. ಆ ಕಾಗೆಕಾಲಿನ ಬರಹ ಓದಲು ಕಲಿಯುವಷ್ಟರಲ್ಲಿ ಚಳಿಗಾಲವೇ ಕಳೆಯಿತು.

ಒಂದು ಸಂಜೆ ಪತ್ರಾಗಾರದಿಂದ ಬಂದವಳೇ ಪಬ್ಬಿಗೆ ನುಗ್ಗಿದಳು. ಅವಳ ಶಾಲೆಯ ಜೊತೆಗಾರ ರೂಬೆನ್ ಪೀಕಾಕ್ ಅಲ್ಲಿ ಬಿಯರ್ ಹೀರುತ್ತಿದ್ದ. ಚರ್ಚಿನ ಪಕ್ಕದ ಹೊಲ ಅವನದು.

"ರೂಬೆನ್, ನಿಮ್ಮ ವಂಶದ ಮಾರ್ಜರಿ ಅಜ್ಜಿ ಕೋಳಿಕಳ್ಳಿಯಂತೆ ಕಣೋ!"

"ಯಾವಳೇ ಹಾಗಂದೋಳು?"

"ಆಲಿಸ್ ಅಂತ. ನಾನೂರು ವರ್ಷದ ಹಿಂದೆ, ಬಾವಿಕಟ್ಟೆ ಮೇಲೆ, ನೀರಿಗೆ ಬಂದವರೆದುರಿಗೇ. ಮಾರ್ಜರಿ ಬಿಡ್ತಾಳಾ? ಕೋರ್ಟಿಗೆಳೆದು ಗೆದ್ದಳು. ಆಲಿಸ್ ಬಿಳಿ ಬಟ್ಟೆ ಹೊದ್ಕೊಂಡು ಚರ್ಚಲ್ಲಿ ತಪ್ಪಾಯ್ತು ಅಂದಳು."

"ಹಾಗೆ ಹೇಳು ಮತ್ತೆ! ಅಲ್ಲಾ, ನಮ್ಮೂರಲ್ಲಿ ಬಾವಿ ಎಲ್ಲಿತ್ತು?"

ಯಾರಿಗೂ ಗೊತ್ತಿರಲಿಲ್ಲ. ಆದರೆ ಆ ಮೊಕದ್ದಮೆಯ ಸಾಕ್ಷಿಗಳಿಗೆ ಗೊತ್ತಿತ್ತು. ಕುಲುಮೆಯ ಬಾಗಿಲಿಂದ ಜಗಳ ಕಂಡೆನೆಂದು ಕಮ್ಮಾರ ಹೇಳಿದ್ದ. ಪಾದ್ರಿಗಳ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ಪ್ರತಿ ಮಾತೂ ಕೇಳಿಸಿಕೊಂಡೆನೆಂದು ಕೆಲಸದವಳು ಹೇಳಿದ್ದಳು. ಕುಲುಮೆ ಇದ್ದದ್ದು ಈಗಿನ ಪಬ್ಬಿನ ಜಾಗದಲ್ಲಿ. ಪಾದ್ರಿಗಳ ಮನೆ ಇನ್ನೂ ಗಟ್ಟಿಯಾಗಿ ನಿಂತಿದೆ. ಒಂದರಿಂದ ಕಾಣುವ, ಇನ್ನೊಂದಕ್ಕೆ ಕೇಳಿಸುವ ಜಾಗದಲ್ಲೇ ಬಾವಿ ಇರಬೇಕು ಎಂದಳು ಡೋರ್ಕಸ್.

ಭಾನುವಾರ ಪ್ರಾರ್ಥನೆ ಮುಗಿದದ್ದೇ ಪರೀಕ್ಷೆ ಶುರು. ಪಬ್ಬಿನ ಬಾಗಿಲಲ್ಲಿ ನಾನು ಕರವಸ್ತ್ರ ಹಿಡಿದು ನಿಂತೆ, ಅವಳು ಕಂಡರೆ ಬೀಸಬೇಕು. ಪಾದ್ರಿಗಳ ಹೆಂಡತಿ ಕಿಟಕಿ ತೆರೆದು ನಿಜವಾಗಿಯೂ ಹಿಟ್ಟು ನಾದತೊಡಗಿದರು. ಡೋರ್ಕಸ್ ರೂಬೆನ್‌ನ ಹೊಲದಲ್ಲಿ ಹೆಜ್ಜೆಗೊಮ್ಮೆ ನಿಂತು "ಕೋಳಿಕಳ್ಳೀ!" ಎಂದು ಕೂಗಿದಳು. ಕುರಿಗಳು ದಿಕ್ಕಾಪಾಲಾದವು. ಕಂಡರೆ ಕೇಳಿಸದು, ಕೇಳಿಸಿದರೆ ಕಾಣದು. ಕೊನೆಗೆ ಅವಳು ಗೊಬ್ಬರದ ತಿಪ್ಪೆ ಹತ್ತಿ ಕಿರುಚಿದಾಗ ನಾನು ಕರವಸ್ತ್ರ ಬೀಸಿದೆ. ಅತ್ತ ಕಿಟಕಿಯಿಂದ ಹಿಟ್ಟಿನ ಕೈಯೂ ಬೀಸಿತು.

"ನಮ್ಮಜ್ಜಿ ಮಾನ ತೆಗೆದದ್ದು ಸಾಲದು, ಈಗ ನನ್ನ ತಿಪ್ಪೆಗೂ ಕೈ ಹಾಕ್ತೀಯಾ?" ಎಂದ ರೂಬೆನ್. ಹಾಗೆಂದವನೇ ಹೋಗಿ ಎಲ್ಲರಿಗಿಂತ ಮೊದಲು ಗುದ್ದಲಿ ತಂದ.

ತಿಪ್ಪೆ ಸರಿಸಿ, ಎದೆಮಟ್ಟ ಅಗೆದಾಗ ದುಂಡಗೆ ಜೋಡಿಸಿದ ಕಲ್ಲುಗಳು ಕಂಡವು. ಇನ್ನೂ ಕೆಲವು ದಿನ ಮಣ್ಣೆತ್ತಿದ ಮೇಲೆ ನೀರು ಒಸರಿತು. ಊರೇ ಹೋ ಎಂದಿತು. ಯಾರೋ ಪಿಟೀಲು ತಂದರು, ಯಾರೋ ಬಿಯರ್ ಪೀಪಾಯಿ ಉರುಳಿಸಿಕೊಂಡು ಬಂದರು. ಕೆಸರಾದ ಬೂಟಿನಲ್ಲೇ ಡೋರ್ಕಸ್ ರೂಬೆನ್‌ನ ಕೈ ಹಿಡಿದು ಎಳೆದಳು.

"ನನಗೆ ಕುಣಿಯೋಕೆ ಬರಲ್ಲ ಕಣೇ!"

"ಬರದಿದ್ರೆ ಕೋರ್ಟಿಗೆ ಎಳೀತೀನಿ, ಬಾ!"

ಅವನು ಕುಣಿದ. ಕೆಟ್ಟದಾಗಿ, ಆದರೆ ದಣಿಯುವವರೆಗೂ ಕುಣಿದ.